ಒಬ್ಬ ದಾನಿಗೆ ಹತ್ತು ಕೋಟಿ ವರ್ಷ

ವಿಜ್ಞಾನ ಸಂಗ್ರಹಾಲಯದ ಮೊದಲ ಮಹಡಿಯ ಕಾರಿಡಾರ್ ಅರವತ್ತೊಂಬತ್ತು ಮೀಟರ್ ಉದ್ದ. ವಿಶ್ವದ ವಯಸ್ಸು ಸಾವಿರದ ಮುನ್ನೂರ ಎಂಬತ್ತು ಕೋಟಿ ವರ್ಷ. ವಯಸ್ಸನ್ನು ಉದ್ದದಿಂದ ಭಾಗಿಸಿದರೆ ಮೀಟರಿಗೆ ಇಪ್ಪತ್ತು ಕೋಟಿ ವರ್ಷ, ಒಂದು ಚೂರೂ ಹೆಚ್ಚುಕಮ್ಮಿ ಇಲ್ಲ. ಕಟ್ಟಡ ಕಟ್ಟಿದ ಗುತ್ತಿಗೆದಾರನಿಗೇನೂ ಈ ಲೆಕ್ಕ ಗೊತ್ತಿರಲಿಲ್ಲ. ಅವನು ಎಪ್ಪತ್ತು ಮೀಟರಿಗೆ ಒಪ್ಪಿಕೊಂಡು ಒಂದು ಮೀಟರ್ ನುಂಗಿದ್ದ, ಅಷ್ಟೇ. ಆ ಸಂಸ್ಥೆಯಲ್ಲಿ ವಿಜ್ಞಾನಕ್ಕೆ ಸಂದ ಮೊದಲ ಸೇವೆ ಅದು. ಬಹಳ ಕಾಲ ಕೊನೆಯದೂ ಅದೇ ಆಗಿತ್ತು.

ಈ ಹೊಂದಾಣಿಕೆಯನ್ನು ಕಂಡುಹಿಡಿದವಳು ತಿದ್ದುಪಡಿ ಮೇಡಂ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಹತ್ತೊಂಬತ್ತು ವರ್ಷ ಅವಳು ಒಂದು ದಿನಪತ್ರಿಕೆಯಲ್ಲಿ ಎರಡಿಂಚಿನ ತಿದ್ದುಪಡಿ ಅಂಕಣ ಬರೆಯುತ್ತಿದ್ದಳು. ನಿನ್ನೆ ನಿಧನರಾದವರು ಇವತ್ತು ಆರೋಗ್ಯವಾಗಿದ್ದಾರೆ, ಚಿತ್ರದಲ್ಲಿ ಎಡದಿಂದ ಮೂರನೆಯವರು ಕಳ್ಳನಲ್ಲ, ಹಿಡಿದುಕೊಟ್ಟವರು, ಹೀಗೆ. ಜನ ಮುಖಪುಟ ಬಿಟ್ಟು ಮೊದಲು ಆ ಅಂಕಣ ಓದಲು ಶುರುಮಾಡಿದಾಗ ಸಂಪಾದಕರು ಅದನ್ನು ನಿಲ್ಲಿಸಿಬಿಟ್ಟರು. ತಪ್ಪುಗಳನ್ನು ನಿಲ್ಲಿಸುವುದಕ್ಕಿಂತ ಅದು ಸುಲಭವಾಗಿತ್ತು.

ಅಲ್ಲಿಂದ ಬಂದವಳು ಇಲ್ಲಿ ಸಂಗತಿ ಪರಿಶೀಲಕಿ. ಕೆಲಸ ತಾತ್ಕಾಲಿಕ; ಆರು ತಿಂಗಳಿಗೊಂದು ಸಲ ವಿಸ್ತರಣೆಯ ಪತ್ರ. ನಾಲ್ಕು ವರ್ಷದಲ್ಲಿ ಎಂಟು ಪತ್ರಗಳು ಬಂದಿದ್ದವು, ಎಂಟರಲ್ಲೂ ಅವಳ ಹುದ್ದೆಯ ಹೆಸರು ಎಂಟು ಥರ ಇತ್ತು. ಈಗ ವಯಸ್ಸು ಐವತ್ತೊಂದು. ಇಲ್ಲಿ ಬಿಟ್ಟರೆ ಇನ್ನೆಲ್ಲೂ ಕರೆಯುವವರಿಲ್ಲ ಎಂಬುದು ಅವಳು ಪರಿಶೀಲಿಸಿ ಖಚಿತಪಡಿಸಿಕೊಂಡಿದ್ದ ಸಂಗತಿಗಳಲ್ಲಿ ಒಂದು.

"ಗೋಡೆ ಉದ್ಘಾಟನೆ ಆಗ್ಲಿ ಮೇಡಂ, ನೀವು ಕಾಯಂ," ಎಂದು ಕಾರ್ಯದರ್ಶಿ ಎರಡು ವರ್ಷದಿಂದ ಹೇಳುತ್ತಿದ್ದ. ಈ ಸಲ ಅದು ಬರೀ ಬಾಯಿಮಾತಾಗಿರಲಿಲ್ಲ. ಆದೇಶವನ್ನು ಟೈಪ್ ಮಾಡಿ ಕಡತಕ್ಕೆ ಸೇರಿಸಿಯೂ ಆಗಿತ್ತು. ಅದೇ ಕಡತದಲ್ಲಿ, ಆದೇಶದ ಮೇಲ್ಗಡೆ, ಇನ್ನೊಂದು ಹಾಳೆ: "ಈ ಗೋಡೆಯ ಮೇಲಿನ ಪ್ರತಿಯೊಂದು ಘಟನೆಯನ್ನೂ ಅಳತೆಗೆ ಅನುಗುಣವಾಗಿ, ಅದರ ಸರಿಯಾದ ಜಾಗದಲ್ಲಿ ತೋರಿಸಲಾಗಿದೆ ಎಂದು ದೃಢೀಕರಿಸುತ್ತೇನೆ." ಇಂಥ ಪ್ರಮಾಣಪತ್ರವಿಲ್ಲದೆ ಪ್ರದರ್ಶನ ತೆರೆಯುವ ಹಾಗಿಲ್ಲ ಎಂಬುದು ನಿಯಮ. ಮೇಲಿನ ಹಾಳೆಗೆ ಅವಳ ಸಹಿ ಬಿದ್ದರೆ ಕೆಳಗಿನ ಹಾಳೆಗೆ ಅಧ್ಯಕ್ಷರ ಸಹಿ. ಕಾರ್ಯದರ್ಶಿ ಇದನ್ನು ವಿವರಿಸಲಿಲ್ಲ. ಎರಡೂ ಹಾಳೆಗಳನ್ನು ಒಂದೇ ದಾರದಲ್ಲಿ ಕಟ್ಟಿ ತೋರಿಸಿದ.

ಗೋಡೆ ಆಗಲೇ ಸಿದ್ಧವಾಗಿತ್ತು. ಕಾರಿಡಾರಿನ ಒಂದು ಕಡೆ ಕಿಟಕಿಗಳು, ನಡುನಡುವೆ ಬಾಗಿಲುಗಳು. ಇನ್ನೊಂದು ಕಡೆ ಅರ್ಧರ್ಧ ಮೀಟರಿನ ನೂರಮೂವತ್ತೆಂಟು ಪ್ಲೈವುಡ್ ಫಲಕಗಳು. ಒಂದು ಫಲಕಕ್ಕೆ ಹತ್ತು ಕೋಟಿ ವರ್ಷ. ಮೊದಲನೆಯದರಲ್ಲಿ ಮಹಾಸ್ಫೋಟ. ಆಮೇಲೆ ಕತ್ತಲು, ಮೊದಲ ನಕ್ಷತ್ರಗಳು, ಗೆಲಾಕ್ಸಿಗಳು, ಮತ್ತೆ ಗೆಲಾಕ್ಸಿಗಳು. ನಲವತ್ತಾರು ಮೀಟರ್ ನಡೆದ ಮೇಲೆ ಸೂರ್ಯ, ಅಲ್ಲಿಂದ ಒಂದು ಗೇಣು ದಾಟಿದರೆ ಭೂಮಿ. ಭೂಮಿ ಹುಟ್ಟಿದ ಜಾಗಕ್ಕೆ ಸರಿಯಾಗಿ ಎದುರುಗಡೆ ಮಹಿಳೆಯರ ಶೌಚಾಲಯದ ಬಾಗಿಲು ಬಂದಿತ್ತು. ಅದನ್ನು ಸರಿಸಿ ಎಂದು ಅಧ್ಯಕ್ಷರು ಹೇಳಿದ್ದರು. ಬಾಗಿಲನ್ನಲ್ಲ, ಭೂಮಿಯನ್ನು. ತಿದ್ದುಪಡಿ ಆ ಸಲ ಕಾಡಿಬೇಡಿ ಭೂಮಿಯನ್ನು ಉಳಿಸಿಕೊಂಡಿದ್ದಳು.

ಚಿತ್ರಗಳನ್ನೆಲ್ಲ ಬರೆದವನು ಒಬ್ಬನೇ ಪೇಂಟರ್. ಇಪ್ಪತ್ತೈದು ವರ್ಷ ಅಂಗಡಿ ಬೋರ್ಡು ಬರೆದ ಕೈ. ದಿನಕ್ಕೆ ಸರಾಸರಿ ಮೂರು ಮೀಟರ್ ವೇಗದಲ್ಲಿ ವಿಶ್ವವನ್ನು ಮುಗಿಸಿದ್ದ. ನಕ್ಷತ್ರಗಳ ಅಂಚಿಗೆ ಅಭ್ಯಾಸಬಲದಿಂದ ಕೆಂಪು ನೆರಳು ಕೊಟ್ಟಿದ್ದನ್ನು ಬಿಟ್ಟರೆ ಅವನ ಕೆಲಸದಲ್ಲಿ ತಪ್ಪು ಹುಡುಕುವುದು ಅವಳಿಗೂ ಕಷ್ಟವಾಗಿತ್ತು.

ಉದ್ಘಾಟನೆಗೆ ಹತ್ತು ದಿನ ಇರುವಾಗ ಅಧ್ಯಕ್ಷರು ಗೋಡೆ ನೋಡಲು ಬಂದರು. ಅವರು ನೀರಿನ ಟ್ಯಾಂಕ್ ತಯಾರಿಸುವವರು. ಸಾವಿರದ ಮುನ್ನೂರ ಎಂಬತ್ತು ಕೋಟಿ ವರ್ಷವನ್ನು ನಾಲ್ಕು ನಿಮಿಷದಲ್ಲಿ ದಾಟಿದರು. ಅದರಲ್ಲಿ ಒಂದೂವರೆ ನಿಮಿಷ ಫೋನಿನಲ್ಲಿದ್ದರು. ಹಿಂದೆ ಕಾರ್ಯದರ್ಶಿ, ಅವನ ಹಿಂದೆ ತಿದ್ದುಪಡಿ.

"ಏನ್ರೀ ಇದು, ಈ ಕಡೆ ಪೂರ್ತಿ ಖಾಲಿ ಬಿಟ್ಟಿದೀರಿ?"

"ಖಾಲಿ ಅಲ್ಲ ಸಾರ್, ಗೆಲಾಕ್ಸಿಗಳು."

"ಚುಕ್ಕಿ ಇಟ್ಟಿದೀರಿ ಅಷ್ಟೇ. ಆ ಕಡೆ ಏನದು, ಹಸಿರು ಹಸಿರು?"

"ಸೂಕ್ಷ್ಮಜೀವಿಗಳು ಸಾರ್. ಭೂಮಿ ಮೇಲೆ ಜೀವ ಹುಟ್ಟಿದ ಮೇಲೆ ಮುಕ್ಕಾಲು ಪಾಲು ಕಾಲ ಅವೇ ಇದ್ದವು. ಹದಿನೈದು ಮೀಟರ್ ಬರುತ್ತೆ."

"ಕಣ್ಣಿಗೆ ಕಾಣ್ತವಾ?"

"ಇಲ್ಲ ಸಾರ್."

"ಕಣ್ಣಿಗೇ ಕಾಣದವಕ್ಕೆ ಹದಿನೈದು ಮೀಟರ್!" ಅಧ್ಯಕ್ಷರು ಕಾರ್ಯದರ್ಶಿಯ ಕಡೆ ತಿರುಗಿದರು. ಕಾರ್ಯದರ್ಶಿ ಸೂಕ್ಷ್ಮಜೀವಿಗಳ ಪರವಾಗಿ ತಲೆ ತಗ್ಗಿಸಿದ. "ಮನುಷ್ಯ ಎಲ್ಲಿ?"

ಅವಳು ಕೊನೆಯ ಫಲಕದ ಬಲ ಅಂಚಿಗೆ ಬೆರಳಿಟ್ಟಳು. "ಇಲ್ಲಿ ಸಾರ್. ಮನುಷ್ಯ ಜಾತಿಗೆ ಮೂರು ಲಕ್ಷ ವರ್ಷ. ಒಂದೂವರೆ ಮಿಲಿಮೀಟರ್."

"ಮನುಷ್ಯನ ಜ್ಞಾನ? ವಿಜ್ಞಾನ, ಕಲೆ, ಉದ್ಯಮ?"

"ಬರವಣಿಗೆ ಶುರುವಾಗಿ ಐದು ಸಾವಿರ ವರ್ಷ. ಅದು ಮಿಲಿಮೀಟರಿನ ನಲವತ್ತನೇ ಒಂದು ಭಾಗ ಸಾರ್. ಕೂದಲಿಗಿಂತ ತೆಳು."

ಅಧ್ಯಕ್ಷರು ಬಗ್ಗಿ ನೋಡಿದರು. ಅಲ್ಲಿ ತಾವು ಕಾಣಿಸದಿದ್ದುದನ್ನು ಖಚಿತಪಡಿಸಿಕೊಂಡು ಎದ್ದರು. ಬರುವವರು ಏನನ್ನು ನೋಡಲು ಬರುತ್ತಾರೆ ಎಂದು ಕೇಳಿದರು, ಉತ್ತರಕ್ಕೆ ಕಾಯಲಿಲ್ಲ. ಇಪ್ಪತ್ತೆರಡು ಮಂದಿ ದಾನಿಗಳಿದ್ದಾರೆ, ಒಬ್ಬೊಬ್ಬರದೂ ಅರ್ಧ ಮೀಟರ್ ಅಗಲದ ಭಾವಚಿತ್ರ ಸಿದ್ಧವಾಗಿದೆ, ಅದೇ 'ಮಾನವ ಜ್ಞಾನದ ಯುಗ', ಅದು ಗೋಡೆಯ ಕೊನೆಗೆ ಬರಬೇಕು. ಒಟ್ಟು ಹನ್ನೊಂದು ಮೀಟರ್. ಕಟ್ಟಕಡೆಯ ಫಲಕದಲ್ಲಿ ಅಧ್ಯಕ್ಷರು, ಪಕ್ಕದಲ್ಲಿ ಚಿಕ್ಕದಾಗಿ ಚಕ್ರ, ಮುದ್ರಣಯಂತ್ರ, ಲಸಿಕೆ ಮತ್ತು ಮೂರು ಪದರದ ನೀರಿನ ಟ್ಯಾಂಕ್.

ತಿದ್ದುಪಡಿ ಮನಸ್ಸಿನಲ್ಲೇ ಗುಣಿಸಿದಳು. ಒಬ್ಬ ದಾನಿಗೆ ಹತ್ತು ಕೋಟಿ ವರ್ಷ. ಇಪ್ಪತ್ತೆರಡು ಮಂದಿಗೆ ಇನ್ನೂರ ಇಪ್ಪತ್ತು ಕೋಟಿ.

"ಆ ಹನ್ನೊಂದು ಮೀಟರಿನಲ್ಲಿ ಈಗ ಮೀನು, ಗಿಡ, ಕೀಟ, ಡೈನೋಸಾರ್, ಸಸ್ತನಿ ಎಲ್ಲ ಇವೆ ಸಾರ್. ಅವನ್ನ ಎಲ್ಲಿಗೆ ಹಾಕೋದು?"

ಅಧ್ಯಕ್ಷರು ಬಂದ ದಾರಿಯತ್ತ ಕೈ ತೋರಿಸಿದರು. "ಅಲ್ಲಿ ಅಷ್ಟು ಜಾಗ ಖಾಲಿ ಬಿದ್ದಿದೆಯಲ್ರೀ."

"ಅಲ್ಲಿನ್ನೂ ಭೂಮಿ ಹುಟ್ಟಿಲ್ಲ ಸಾರ್. ಡೈನೋಸಾರ್‌ಗಳು ಯಾವುದರ ಮೇಲೆ ನಿಲ್ಲಬೇಕು?"

"ಗೋಡೆ ಮೇಲೆ," ಎಂದರು ಅಧ್ಯಕ್ಷರು, ಮತ್ತು ಫೋನ್ ಎತ್ತಿಕೊಂಡರು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವನು ಕಾರ್ಯದರ್ಶಿ. ಮಧ್ಯಾಹ್ನಕ್ಕೇ ಪೇಂಟರ್ ಸ್ಕ್ರೂಡ್ರೈವರ್ ಹಿಡಿದು ಇಪ್ಪತ್ತೆರಡು ಫಲಕಗಳನ್ನು ಬಿಚ್ಚಿ ಗೋಡೆಯ ನಡುಭಾಗಕ್ಕೆ ಹೊತ್ತ. ಅಲ್ಲಿಂದ ಎದ್ದ ಇಪ್ಪತ್ತೆರಡು ಗೆಲಾಕ್ಸಿ ಫಲಕಗಳು ಉಗ್ರಾಣದಲ್ಲಿ ಪೊರಕೆಗಳ ಪಕ್ಕ ನಿಂತವು.

"ಅಕ್ಕಾ, ಈಗ ಇವು ಯಾವ ಕಾಲದಲ್ಲಿದಾವೆ?" ಎಂದ ಪೇಂಟರ್, ಕೊನೆಯ ಸ್ಕ್ರೂ ಬಿಗಿ ಮಾಡುತ್ತ.

ಅವಳು ಟೇಪು ಹಿಡಿದು ಅಳೆದಳು. "ಭೂಮಿ ಹುಟ್ಟೋಕೆ ನೂರ ಹನ್ನೆರಡು ಕೋಟಿ ವರ್ಷ ಮೊದಲೇ ಡೈನೋಸಾರ್‌ಗಳು ಸತ್ತುಹೋದವು, ಪೇಂಟ್ರೇ."

"ಪಾಪ," ಎಂದ ಪೇಂಟರ್. "ಹುಟ್ಟೋಕೆ ಊರೇ ಇರಲಿಲ್ಲ, ಸಾಯೋಕೆ ಮಾತ್ರ ಅವಸರ."

ಸಂಜೆ ಮನೆಯಲ್ಲಿ ಅವಳು ಊಟಕ್ಕೆ ಕೂತು ತಟ್ಟೆಯನ್ನೇ ನೋಡುತ್ತಿದ್ದಳು. ಗಂಡ ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಸಿಕ್ಕಿಕೊಂಡವರನ್ನು ಬಿಡಿಸಿ ಬಂದು ಮನೆಯಲ್ಲಿ ಯಾರನ್ನೂ ಬಿಡಿಸಲು ಹೋಗುತ್ತಿರಲಿಲ್ಲ. ಕೇಳಿದವಳು ಅತ್ತೆ. ಅತ್ತೆ ನಲವತ್ತು ವರ್ಷ ಗಂಡಸರ ಬಟ್ಟೆ ಹೊಲಿದವಳು. ಈಗಲೂ ಕುತ್ತಿಗೆಯಲ್ಲಿ ಅಳತೆ ಟೇಪು ಹಾಕಿಕೊಂಡೇ ಓಡಾಡುತ್ತಿದ್ದಳು.

"ಏನಾಯ್ತೇ? ಸಹಿ ಹಾಕಿ ಬಂದ್ಯಾ ಇಲ್ವಾ?"

"ಭೂಮಿ ಹುಟ್ಟೋಕೆ ಮೊದಲೇ ಡೈನೋಸಾರ್ ಇಟ್ಟಿದಾರೆ ಅತ್ತೆ. ಹೇಗೆ ಹಾಕಲಿ?"

"ಭೂಮಿ ಹುಟ್ಟಿದ್ದನ್ನ ನೀನು ನೋಡಿದ್ಯಾ?"

"ಇಲ್ಲ."

"ಅವರು?"

"ಅವರೂ ಇಲ್ಲ."

"ಮತ್ತೆ! ಯಾರೂ ನೋಡದ ವಿಷಯಕ್ಕೆ ಮನೆಗೆ ಬರೋ ಸಂಬಳ ಬಿಡ್ತಾಳಂತೆ ನನ್ನ ಸೊಸೆ." ಅತ್ತೆ ಮಗನ ತಟ್ಟೆಗೆ ಪಲ್ಯ ಬಡಿಸಿ, ಸೊಸೆಯ ಕಡೆ ಚಮಚ ತೋರಿಸಿದಳು. "ನನ್ನ ಹತ್ರ ಒಬ್ಬ ಗಿರಾಕಿ ಬರ್ತಿದ್ದ. ಸೊಂಟ ನಲವತ್ತೆರಡು. ಮೂವತ್ತಾರು ಅಂತ ಬರ್ಕೊಳ್ಳಿ ಅನ್ನೋನು. ನಾನೇನು ಜಗಳ ಆಡ್ತಿದ್ನಾ? ಚೀಟಿ ಮೇಲೆ ಮೂವತ್ತಾರು ಬರೀತಿದ್ದೆ, ನಲವತ್ತೆರಡಕ್ಕೆ ಕತ್ತರಿಸ್ತಿದ್ದೆ. ಅವನಿಗೂ ಖುಷಿ, ಪ್ಯಾಂಟಿಗೂ ಖುಷಿ."

"ಇಲ್ಲಿ ಉಲ್ಟಾ ಅತ್ತೆ. ಮೂವತ್ತಾರಕ್ಕೆ ಕತ್ತರಿಸಿ ಆಗಿದೆ. ನಲವತ್ತೆರಡು ಅಂತ ಚೀಟಿ ಬರೀಬೇಕಾದವಳು ನಾನು."

ಅತ್ತೆ ಸ್ವಲ್ಪ ಯೋಚಿಸಿದಳು. "ಹಂಗಿದ್ರೆ ಕೂತಾಗ ಹರಿಯುತ್ತೆ," ಎಂದು ಒಪ್ಪಿಕೊಂಡಳು. "ಆದ್ರೆ ಸಹಿ ಹಾಕು."

ಮರುದಿನ ಅವಳು ಸಹಿ ಹಾಕಲಿಲ್ಲ. ಆಕ್ಷೇಪಣೆ ಬರೆಯಲು ಕೂತಳು. ಅದಕ್ಕೊಂದು ಸಣ್ಣ ಅಡ್ಡಿ ಇತ್ತು. ಆ ಕಚೇರಿಯಲ್ಲಿ ಸಮಿತಿಯ ಮುಂದೆ ಹೋಗುವ ಯಾವುದೇ ಕಾಗದ ಅಚ್ಚಾದ ನಮೂನೆಯಲ್ಲೇ ಇರಬೇಕು, ಇಲ್ಲದಿದ್ದರೆ ಕಾರ್ಯದರ್ಶಿ ಅದನ್ನು ಮುಟ್ಟುತ್ತಿರಲಿಲ್ಲ. ರಜೆಗೆ ನಮೂನೆ ಇತ್ತು. ಖರೀದಿಗೆ ಇತ್ತು. ಸನ್ಮಾನಕ್ಕೆ ಎರಡು ಇದ್ದವು, ಶಾಲು ಸಹಿತ ಮತ್ತು ಶಾಲು ರಹಿತ. ಆಕ್ಷೇಪಣೆಗೆ ಇರಲಿಲ್ಲ, ಅಂಥದೊಂದು ಬೇಕಾದೀತು ಎಂದು ಯಾರಿಗೂ ಅನಿಸಿರಲಿಲ್ಲ. ಕೊನೆಗೆ 'ಹೊಸ ಯೋಜನೆಯ ಪ್ರಸ್ತಾವ' ಎಂಬ ನಮೂನೆಯಲ್ಲಿ ಜಾಗ ಹೆಚ್ಚಿದ್ದುದರಿಂದ ಅವಳು ಅದನ್ನೇ ತೆಗೆದುಕೊಂಡಳು. ತಲೆಬರಹವನ್ನು ಹೊಡೆದುಹಾಕಲು ಹೋದಳು. ಅಚ್ಚಾದ ಅಕ್ಷರವನ್ನು ಹೊಡೆದರೆ ನಮೂನೆ ಅಸಿಂಧು ಎಂದು ಅಡಿಯಲ್ಲಿ ಬರೆದಿತ್ತು.

ಮೂರು ಪುಟ ಬರೆದಳು. ಭೂಮಿಯ ವಯಸ್ಸು, ಅದಕ್ಕೆ ಆಧಾರ, ಡೈನೋಸಾರ್‌ಗಳ ಕಾಲ, ಅದಕ್ಕೆ ಆಧಾರ, ಫಲಕಗಳ ಹಳೆಯ ಮತ್ತು ಹೊಸ ಜಾಗ. ಕೊನೆಗೆ, ಎಂಥವರಿಗೂ ಅಂಗೈ ನೆಲ್ಲಿಕಾಯಿಯಷ್ಟು ಸ್ಪಷ್ಟವಾಗಲಿ ಎಂದು, ಒಂದು ಲೆಕ್ಕ: "ಮಾನವ ಜ್ಞಾನದ ಐದು ಸಾವಿರ ವರ್ಷಕ್ಕೆ ಹನ್ನೊಂದು ಮೀಟರ್ ಕೊಟ್ಟು, ಅಳತೆಯನ್ನೂ ಉಳಿಸಿಕೊಳ್ಳಬೇಕಾದರೆ, ಗೋಡೆಯ ಒಟ್ಟು ಉದ್ದ 30,360 ಕಿಲೋಮೀಟರ್ ಆಗಬೇಕಾಗುತ್ತದೆ. ಇದು ಭೂಮಿಯ ಸುತ್ತಳತೆಯ ಮುಕ್ಕಾಲು ಭಾಗ."

ಇದನ್ನು ಓದಿದ ಮೇಲೂ ನಾಚಿಕೆಪಡದವರು ಇರಲಾರರು ಎಂದು ಅವಳು ನಂಬಿದ್ದಳು. ಹತ್ತೊಂಬತ್ತು ವರ್ಷ ಪತ್ರಿಕೆಯಲ್ಲಿದ್ದು ಓದುಗರ ಬಗ್ಗೆ ಇಂಥ ನಂಬಿಕೆ ಉಳಿಸಿಕೊಂಡದ್ದು ಸಂಗತಿಗಳ ವಿಷಯದಲ್ಲಿ ಅವಳು ಮಾಡಿದ ಒಂದೇ ಒಂದು ತಪ್ಪು.

ಸಮಿತಿಯ ಸಭೆ ಗುರುವಾರ ಹನ್ನೊಂದಕ್ಕೆ. ಉದ್ದ ಮೇಜು, ಏಳು ಜನ, ಏಳು ನೀರಿನ ಬಾಟಲಿ. ತಿದ್ದುಪಡಿಗೆ ಗೋಡೆ ಬದಿಯ ಕುರ್ಚಿ. ಕೈಚೀಲದಲ್ಲಿ ಅವಳ ಲೋಟ, ನಿಘಂಟು ಮತ್ತು ಮೇಜಿನ ಸಣ್ಣಪುಟ್ಟ ಸಾಮಾನುಗಳಿದ್ದವು. ಮಧ್ಯಾಹ್ನ ಮತ್ತೆ ಬಂದು ತೆಗೆದುಕೊಂಡು ಹೋಗುವ ಅವಮಾನ ಬೇಡವೆಂದು ಬೆಳಿಗ್ಗೆಯೇ ತುಂಬಿಕೊಂಡಿದ್ದಳು.

ಕಾರ್ಯದರ್ಶಿ ಪ್ರಸ್ತಾವಗಳನ್ನು ಓದುವ ಕ್ರಮ ಎಲ್ಲರಿಗೂ ಗೊತ್ತಿತ್ತು: ಮೊದಲು ತಲೆಬರಹ, ಆಮೇಲೆ ನೇರವಾಗಿ ಕೊನೆಯ ಪ್ಯಾರಾ. ನಡುವಿನದು ಕಡತಕ್ಕೆ ಸೇರಿದ್ದು.

"ಹೊಸ ಯೋಜನೆಯ ಪ್ರಸ್ತಾವ," ಎಂದು ಓದಿದ. "ಮಾನವ ಜ್ಞಾನಕ್ಕೆ ಹನ್ನೊಂದು ಮೀಟರ್ ಕೊಟ್ಟು... ಗೋಡೆಯ ಒಟ್ಟು ಉದ್ದ ಮೂವತ್ತು ಸಾವಿರದ ಮುನ್ನೂರ ಅರವತ್ತು ಕಿಲೋಮೀಟರ್..."

ಅಧ್ಯಕ್ಷರು ಫೋನನ್ನು ಮಗುಚಿಟ್ಟರು. ಅವರು ಹಾಗೆ ಮಾಡಿದ್ದನ್ನು ತಿದ್ದುಪಡಿ ನಾಲ್ಕು ವರ್ಷದಲ್ಲಿ ನೋಡಿರಲಿಲ್ಲ. ಕೈಚೀಲವನ್ನು ತೊಡೆಯ ಮೇಲೆ ಎತ್ತಿಕೊಂಡಳು.

"ಮೇಡಂ," ಎಂದರು ಅಧ್ಯಕ್ಷರು ಮೆಲ್ಲಗೆ. "ಪ್ರಪಂಚದಲ್ಲಿ ಇಷ್ಟು ಉದ್ದದ ಗೋಡೆ ಬೇರೆ ಯಾರ ಹತ್ರಾನಾದ್ರೂ ಇದೆಯಾ?"

"ಇಲ್ಲ ಸಾರ್."

"ಲೆಕ್ಕ ಸರಿಯಾಗಿ ನೋಡಿದೀರಾ?"

"ಮೂರು ಸಲ ನೋಡಿದೀನಿ ಸಾರ್."

"ಹನ್ನೊಂದು ಮೀಟರ್ ನಮ್ಮವರಿಗೇ ಇರುತ್ತಲ್ವಾ? ಯಾರೂ ಆಮೇಲೆ ಬಂದು ಡೈನೋಸಾರು ಗೀನೋಸಾರು ಅಂತ ತಕರಾರು ಮಾಡಲ್ವಲ್ಲ?"

"ಆ ಅಳತೇಲಿ ಮನುಷ್ಯನಿಗೂ ಡೈನೋಸಾರಿಗೂ ನಡುವೆ ನೂರಾ ನಲವತ್ತೈದು ಕಿಲೋಮೀಟರ್ ದೂರ ಇರುತ್ತೆ ಸಾರ್."

"ಒಳ್ಳೇದಾಯ್ತು," ಎಂದರು ಒಬ್ಬ ಸದಸ್ಯರು. ಡೈನೋಸಾರ್‌ಗಳ ಪಕ್ಕ ಭಾವಚಿತ್ರ ಬರುವುದು ಅವರಿಗೆ ಮೊದಲಿನಿಂದಲೂ ಇಷ್ಟವಿರಲಿಲ್ಲ. ಇನ್ನೊಬ್ಬರು ಕೇಳಿದರು: "ದಾರೀಲಿ ಸಮುದ್ರ ಬರಲ್ವಾ?"

"ಬರುತ್ತೆ ಸಾರ್."

"ಸೇತುವೆ ಹಾಕೋದು," ಎಂದರು ಅಧ್ಯಕ್ಷರು. "ಅದು ಎಂಜಿನಿಯರುಗಳ ತಲೆನೋವು. ಮೊದಲು ಮನಸ್ಸು ದೊಡ್ಡದಿರಬೇಕು. ನೋಡ್ರೀ, ನಾಲ್ಕು ವರ್ಷದಿಂದ ಈ ಹೆಣ್ಣುಮಗಳು ಮೂಲೇಲಿ ಕೂತಿದಾಳೆ. ನಿಮ್ಮಲ್ಲಿ ಒಬ್ಬರಾದ್ರೂ ಇಂಥದ್ದೊಂದು ಯೋಚನೆ ಮಾಡಿದ್ರಾ?"

ಯಾರೂ ಮಾಡಿರಲಿಲ್ಲ. ಎಲ್ಲರೂ ಅವಳ ಕಡೆ ತಿರುಗಿ, ಮೇಜು ತಟ್ಟಿದರು.

ತಿದ್ದುಪಡಿ ಬಾಯಿ ತೆರೆದಳು. ಇದು ಪ್ರಸ್ತಾವವಲ್ಲ, ಆಕ್ಷೇಪಣೆ. ನಡುವಿನ ಪುಟಗಳನ್ನು ಓದಿ. ಈ ಲೆಕ್ಕ ನಿಮ್ಮನ್ನು ಗೇಲಿ ಮಾಡಲು ಬರೆದದ್ದು. ಮೂರು ಸಣ್ಣ ವಾಕ್ಯ. ಪತ್ರಿಕೆಯ ಅಂಕಣದಲ್ಲಾದರೆ ಒಂದಿಂಚು ಸಾಕಾಗುತ್ತಿತ್ತು. ಜೀವಮಾನದಲ್ಲಿ ಒಂದು ತಪ್ಪನ್ನೂ ಕಣ್ಣೆದುರು ಹಾಗೇ ಬಿಟ್ಟವಳಲ್ಲ ಅವಳು. ಮದುವೆಯ ಕರೆಯೋಲೆಯಲ್ಲಿ ತನ್ನ ಗಂಡನ ಹೆಸರಿನ ಕಾಗುಣಿತವನ್ನೇ ತಿದ್ದಿ ಮರುಮುದ್ರಣ ಮಾಡಿಸಿದವಳು.

ಅಷ್ಟರಲ್ಲಿ ಅಧ್ಯಕ್ಷರು ಮುಂದುವರಿಸಿದರು. "ಅಂಥ ಗೋಡೆ ಬರೋವಾಗ ಈ ಚೋಟುದ್ದದ ಗೋಡೇಲಿ ನಮ್ಮ ಮುಖ ಯಾಕ್ರೀ? ಜನ ನಗ್ತಾರೆ. ದಾನಿಗಳದೆಲ್ಲ ಇಳಿಸಿಬಿಡಿ. ಅಂಗಳದಲ್ಲಿ ಹೊಸ ಗೋಡೆಗೆ ಅಡಿಗಲ್ಲು ಹಾಕೋಣ. ಒಬ್ಬೊಬ್ಬರ ಹೆಸರಲ್ಲಿ ಒಂದೊಂದು, ಇಪ್ಪತ್ತೆರಡು ಕಲ್ಲು. ಈ ಹಳೇದನ್ನ ಮೇಡಂ ಹೇಗೆ ಬೇಕೋ ಹಾಗೆ ಮಾಡ್ಕೊಳ್ಲಿ."

ತಿದ್ದುಪಡಿ ಬಾಯಿ ಮುಚ್ಚಿದಳು.

ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ ಎಂದು ಮೆಟ್ಟಿಲು ಇಳಿಯುವಾಗ ಅವಳು ತನಗೇ ಹೇಳಿಕೊಂಡಳು. ಎರಡನೇ ಸಲ ಹೇಳಿಕೊಂಡಾಗ ಅದು ಮೊದಲಿನಷ್ಟು ಗಟ್ಟಿಯಾಗಿ ಕೇಳಲಿಲ್ಲ. ಗೋಡೆಯ ಬಳಿ ಪೇಂಟರ್ ಅಧ್ಯಕ್ಷರ ಭಾವಚಿತ್ರಕ್ಕೆ ಮೊಳೆ ಹೊಡೆಯುತ್ತಿದ್ದ.

"ಇಳಿಸಿ ಪೇಂಟ್ರೇ. ಎಲ್ಲ ವಾಪಸ್."

"ಡೈನೋಸಾರು?"

"ಅವೂ ಮನೆಗೆ ಬರ್ಲಿ."

ಫಲಕಗಳು ಹಳೆಯ ಜಾಗಕ್ಕೆ ಹೋಗಲು ಎರಡು ದಿನ ಹಿಡಿಯಿತು. ಅವಳು ಪ್ರತಿಯೊಂದನ್ನೂ ಟೇಪು ಹಿಡಿದು ಅಳೆದಳು. ಗೆಲಾಕ್ಸಿಗಳಿಗೆ ಪೊರಕೆಯ ಧೂಳು ಅಂಟಿತ್ತು. ಒರೆಸಿದಾಗ ಕೆಲವು ನಕ್ಷತ್ರಗಳು ಜೊತೆಗೇ ಹೋದವು, ಪೇಂಟರ್ ಮತ್ತೆ ಇಟ್ಟ. ಎಲ್ಲ ಮುಗಿದ ಮೇಲೆ ಅವಳು ಪ್ರಮಾಣಪತ್ರವನ್ನು ಮೇಜಿನ ಮೇಲಿಟ್ಟು, ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದಳು.

"ಇನ್ನೇನಕ್ಕಾ?"

"ಪ್ರತಿಯೊಂದು ಘಟನೆ ಅಂತ ಇದೆ ಪೇಂಟ್ರೇ. ಬರವಣಿಗೆಯಿಂದ ಈಚೆಗಿನದನ್ನ ನಾವು ಬರೆದೇ ಇಲ್ಲ. ಮಿಲಿಮೀಟರಿನ ನಲವತ್ತನೇ ಒಂದು ಭಾಗ. ಅಷ್ಟು ಸಣ್ಣ ಗೆರೆ ಎಳೆಯೋ ಬ್ರಷ್ ಇದೆಯಾ?"

"ನನ್ನ ಅಜ್ಜನ ಹತ್ರಾನೂ ಇರಲಿಲ್ಲ."

ಪೇಂಟರ್ ಬಣ್ಣದ ಡಬ್ಬಿಯ ಮೇಲೆ ಕೂತು ಬೀಗದ ಕೈಯಿಂದ ಉಗುರು ಕೆರೆದುಕೊಂಡ. ಆಮೇಲೆ ಎದ್ದು ಡಬ್ಬಿಯನ್ನು ತಿರುಗಿಸಿ ಹಿಂದಿನ ಚೀಟಿ ತೋರಿಸಿದ. ಅವನಿಗೆ ಆ ಸಣ್ಣ ಅಕ್ಷರ ಓದಲು ಕಾಣುತ್ತಿರಲಿಲ್ಲ, ಅವಳು ಓದಿದಳು. ಒಂದು ಕೋಟ್ ಒಣಗಿದ ಮೇಲೆ ದಪ್ಪ ಇಪ್ಪತ್ತೈದು ಮೈಕ್ರಾನ್. ಅಂದರೆ ಮಿಲಿಮೀಟರಿನ ನಲವತ್ತನೇ ಒಂದು ಭಾಗ.

ಅವನು ಕೊನೆಯ ಫಲಕದ ಕತ್ತರಿಸಿದ ಅಂಚಿಗೆ, ಪ್ಲೈವುಡ್ಡಿನ ಪದರಗಳು ಕಾಣುವ ಜಾಗಕ್ಕೆ, ಮೇಲಿನಿಂದ ಕೆಳಗೆ ಒಂದೇ ಸಲ ಬ್ರಷ್ ಎಳೆದ. ಬಿಳಿ ಬಣ್ಣ. ಬರೆದದ್ದು, ಓದಿದ್ದು, ಅಳೆದದ್ದು, ಸುಟ್ಟುಹಾಕಿದ್ದು, ಅಲ್ಲಗಳೆದದ್ದು, ಎಲ್ಲ ಆ ಒಂದು ಎಳೆತದಲ್ಲಿ ಮುಗಿಯಿತು. ಪೇಂಟರ್ ತಲೆ ಓರೆ ಮಾಡಿ ನೋಡಿದ.

"ಮರ ಕಾಣ್ತಿದೆ. ಇನ್ನೊಂದು ಕೋಟ್ ಹಾಕ್ಲಾ?"

"ಬೇಡ ಬೇಡ. ಅದು ಇನ್ನೂ ನಡೆದಿಲ್ಲ."

ಅವಳು ಬಣ್ಣ ಒಣಗುವವರೆಗೆ ಕಾದಳು. ಹಸಿಯಿದ್ದಾಗ ದಪ್ಪ ಹೆಚ್ಚು. ಆಮೇಲೆ ಸಹಿ ಹಾಕಿದಳು.

ಉದ್ಘಾಟನೆ ನಡೆಯಿತು. ಅಂಗಳದಲ್ಲಿ ಇಪ್ಪತ್ತೆರಡು ಅಡಿಗಲ್ಲುಗಳ ಮುಂದೆ ಇಪ್ಪತ್ತೆರಡು ಮಂದಿ ನಿಂತು ಫೋಟೊ ತೆಗೆಸಿಕೊಂಡರು. ಅಧ್ಯಕ್ಷರು ಭಾಷಣದಲ್ಲಿ ಮೂವತ್ತು ಸಾವಿರವನ್ನು ಐದು ಸಲ ಹೇಳಿದರು. ಮೇಲಿನ ಮಹಡಿಗೆ ಹೋದವರು ಕಡಿಮೆ, ಹೋದವರಲ್ಲಿ ಹೆಚ್ಚಿನವರು ಶೌಚಾಲಯ ಹುಡುಕಿಕೊಂಡು ಹೋದವರು. ಅವರಿಗೆ ಬಾಗಿಲಿನ ಎದುರೇ ಭೂಮಿ ಸಿಕ್ಕಿತು.

ಸೋಮವಾರ ಕಾರ್ಯದರ್ಶಿ ಅವಳ ಮೇಜಿಗೆ ಆದೇಶ ತಂದುಕೊಟ್ಟ. ಸಹಿ, ಮೊಹರು ಎಲ್ಲ ಬಿದ್ದಿದ್ದವು. ಹುದ್ದೆಯ ಹೆಸರು ಒಂಬತ್ತನೇ ಸಲ ಬದಲಾಗಿತ್ತು: ವಿಶ್ವ ಗೋಡೆ ಎರಡನೇ ಹಂತದ ವಿಶೇಷಾಧಿಕಾರಿ. ಅವಧಿ: ಸದರಿ 30,360 ಮೀಟರ್ ಗೋಡೆಯ ಕಾಮಗಾರಿ ಮುಗಿಯುವವರೆಗೆ.

"ಕಾಯಂ ಅಂದ್ರಲ್ಲ?" ಎಂದಳು ಅವಳು.

"ಇದು ಕಾಯಂಗಿಂತ ಗಟ್ಟಿ ಮೇಡಂ. ನಮ್ಮ ಪೇಂಟರನ್ನೇ ಕೇಳಿ ನೋಡಿದೆ, ದಿನಕ್ಕೆ ಮೂರು ಮೀಟರ್ ಅಂದ. ಇಪ್ಪತ್ತೇಳು ವರ್ಷ ಚಿಲ್ಲರೆ ಆಗುತ್ತೆ. ನೀವು ನಿವೃತ್ತಿ ಆಗೋದು ಒಂಬತ್ತು ವರ್ಷಕ್ಕೆ. ಯಾರಪ್ಪನ ಕೈಲೂ ತೆಗೆಯೋಕಾಗಲ್ಲ."

ಅವಳ ಕಣ್ಣು ಆಗಲೇ ಆ ಒಂದು ಪದದ ಮೇಲೆ ನಿಂತುಬಿಟ್ಟಿತ್ತು. ಮೀಟರ್. ಟೈಪಿಸ್ಟ್ 'ಕಿಲೋ' ಬಿಟ್ಟಿದ್ದ.

ಬಿಟ್ಟರೆ ಯಾರಿಗೂ ನಷ್ಟವಿಲ್ಲ. ತಿದ್ದಿದರೆ ಕಡತ ಮತ್ತೆ ಅಧ್ಯಕ್ಷರ ಮೇಜಿಗೆ ಹೋಗಬೇಕು, ಸಹಿ ಮತ್ತೆ ಬೀಳಬೇಕು. ಈ ಸಲ ಅವರು ಓದಿಬಿಟ್ಟರೆ? ಸೇತುವೆಯ ಮಾತು ಒಬ್ಬ ಎಂಜಿನಿಯರನ ಕಿವಿಗೆ ಬಿದ್ದಿದ್ದರೆ? ನಾಲ್ಕು ವರ್ಷ ಕಾದ ಹಾಳೆ ಕೈಯಲ್ಲಿತ್ತು. ಮನೆಯಲ್ಲಿ ಅತ್ತೆ ಆಗಲೇ ಅಕ್ಕಪಕ್ಕದವರಿಗೆಲ್ಲ ಸೊಸೆ ಅಧಿಕಾರಿಯಾದಳು ಎಂದು ಹೇಳಿಯಾಗಿತ್ತು.

ಸಭೆಯಲ್ಲಿ ಒಮ್ಮೆ ಬಾಯಿ ಮುಚ್ಚಿದ್ದು ಅವಳಿಗೆ ನಾಲ್ಕು ದಿನದ ನಿದ್ದೆ ಕೆಡಿಸಿತ್ತು. ಇದೂ ಸೇರಿದರೆ ಅಭ್ಯಾಸವಾಗುತ್ತದೆ. ಅವಳು ಕೆಂಪು ಪೆನ್ನು ತೆಗೆದು 'ಮೀಟರ್' ಪದದ ಮುಂದೆ ಚಿಹ್ನೆ ಹಾಕಿ, ಬಿಟ್ಟುಹೋದ ಎರಡು ಅಕ್ಷರ ಸೇರಿಸಿ, ಹಾಳೆಯನ್ನು ಅವನ ಕಡೆ ತಳ್ಳಿದಳು.

"ಮೇಡಂ," ಎಂದ ಕಾರ್ಯದರ್ಶಿ, ನಿಜವಾಗಿ ನೊಂದ ದನಿಯಲ್ಲಿ, "ನಿಮ್ಮ ಆದೇಶಾನ ನೀವೇ ತಿದ್ತೀರಾ?"

"ತಪ್ಪಿದೆಯಲ್ಲ."

ಕಡತ ಹೋಯಿತು. ಮಂಗಳವಾರ ಬರಲಿಲ್ಲ, ಬುಧವಾರ ಬರಲಿಲ್ಲ. ಅವಳು ಲೋಟ ಮತ್ತು ನಿಘಂಟನ್ನು ಕೈಚೀಲದಲ್ಲೇ ಇಟ್ಟುಕೊಂಡು ಕೆಲಸ ಮಾಡಿದಳು. ಗುರುವಾರ ಕಾರ್ಯದರ್ಶಿ ಬಂದ. ತಿದ್ದಿದ ಜಾಗದ ಪಕ್ಕ ಅಧ್ಯಕ್ಷರ ಸಹಿ ಇತ್ತು. ಜೊತೆಗೆ ಅವರ ಕೈಬರಹದಲ್ಲಿ ಒಂದು ಚೀಟಿ. ಗೋಡೆಯ ವಿಷಯದಲ್ಲಿ ಅವರು ಬರವಣಿಗೆಯಲ್ಲಿ ಕೇಳಿದ ಮೊದಲ ಪ್ರಶ್ನೆ ಅದು. "ಈ ಬದಲಾವಣೆಯಿಂದ ಕಾಮಗಾರಿ ತಡವಾಗುತ್ತದೆಯೇ? ಆಗುವುದಾದರೆ ಎಷ್ಟು?"

ತಿದ್ದುಪಡಿ ಕ್ಯಾಲ್ಕುಲೇಟರ್ ತೆಗೆದು ಎರಡು ಸಲ ಲೆಕ್ಕ ಹಾಕಿದಳು. ಚೀಟಿಯ ಕೆಳಗೆ ಬರೆದಳು: "ಹೌದು. 27,698 ವರ್ಷ. ಪೇಂಟರನ ರಜಾದಿನಗಳನ್ನು ಸೇರಿಸಿಲ್ಲ."